ಪಾವತಿಯ ಪರದೆಯಲ್ಲಿ ಎಚ್ಚರ: ಆ್ಯಪ್‌ಗಳ ಕಣ್ಕಟ್ಟನ್ನು ಗುರುತಿಸುವ ಬಗೆ

ಆ್ಯಪ್‌ನಲ್ಲಿ ಟಿಕೆಟ್ ಕಾಯ್ದಿರಿಸುವಾಗ ಮೊದಲ ಪರದೆಯಲ್ಲಿ ಕಂಡ ದರದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಪಾವತಿಯ ಹಂತಕ್ಕೆ ಬಂದಾಗ ಮೊತ್ತ ಏರಿದ್ದರೆ, ದರದ ವಿವರವನ್ನು ತೆರೆದು ಒಂದೊಂದು ಸಾಲನ್ನೂ ಓದಬೇಕು. ಅನುಕೂಲ ಶುಲ್ಕವನ್ನು ಕೊನೆಯವರೆಗೆ ಮುಚ್ಚಿಟ್ಟಿರಬಹುದು, ಇಲ್ಲವೇ ನೀವು ಕೇಳದ ಪ್ರಯಾಣ ವಿಮೆಗೋ ದೇಣಿಗೆಗೋ ಮೊದಲೇ ಟಿಕ್ ಹಾಕಿರಬಹುದು. ಟಿಕ್ ತೆಗೆದರೆ ವಿಮೆ ಹೋಗುತ್ತದೆ. ಶುಲ್ಕ ಹೋಗುವುದಿಲ್ಲವಾದ್ದರಿಂದ, ಎರಡು ಕಡೆಯ ದರ ಹೋಲಿಸುವಾಗ ಅಂತಿಮ ಮೊತ್ತಗಳನ್ನೇ ಹೋಲಿಸಿ.

ಇಂಥ ತಂತ್ರಗಳಿಗೆ ಡಾರ್ಕ್ ಪ್ಯಾಟರ್ನ್ ಎಂಬ ಹೆಸರಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ ಇವುಗಳ 13 ಬಗೆಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ವಿಮೆ ಬೇಡವೆನ್ನುವ ಗ್ರಾಹಕನ ಮುಂದೆ ‘ನಾನು ಅಸುರಕ್ಷಿತನಾಗಿಯೇ ಇರುತ್ತೇನೆ’ ಎಂಬರ್ಥದ ಗುಂಡಿಯನ್ನಿಟ್ಟು ನಾಚಿಕೆ ಹುಟ್ಟಿಸುವುದೂ ಆ ಪಟ್ಟಿಯಲ್ಲಿದೆ. ಗುಂಡಿಯ ಮೇಲೆ ಏನೇ ಬರೆದಿರಲಿ, ಅದನ್ನು ಒತ್ತಿದರೆ ವಿಮೆ ಬೇಡವೆಂದಷ್ಟೇ ಅರ್ಥ, ಧೈರ್ಯವಾಗಿ ಒತ್ತಬಹುದು.

‘ಇನ್ನು ಎರಡೇ ಉಳಿದಿವೆ’, ‘ಹತ್ತು ನಿಮಿಷದಲ್ಲಿ ರಿಯಾಯಿತಿ ಮುಗಿಯುತ್ತದೆ’ ಎಂಬ ಸೂಚನೆಗಳೆಲ್ಲ ಸುಳ್ಳೆಂದು ಹೇಳಲಾಗದು. ಆಯ್ದ ಸೀಟನ್ನು ಪಾವತಿ ಮುಗಿಯುವವರೆಗೆ ತಡೆದಿಡುವ ಗಡಿಯಾರ ನಿಜವಾದದ್ದೇ. ಆದರೆ ರಿಯಾಯಿತಿಯ ಗಡಿಯಾರವು ಪುಟವನ್ನು ಮುಚ್ಚಿ ಬ್ರೌಸರ್‌ನ ಖಾಸಗಿ (ಇನ್‌ಕಾಗ್ನಿಟೊ) ವಿಂಡೋದಲ್ಲಿ ತೆರೆದಾಗ ಮತ್ತೆ ಮೊದಲಿನಿಂದ ಎಣಿಸತೊಡಗಿದರೆ, ಆ ಅವಸರವನ್ನು ನಂಬಬೇಕಾಗಿಲ್ಲ.

ಹೆಚ್ಚು ಹಣ ಸೋರುವುದು ಚಂದಾದಾರಿಕೆಯಲ್ಲಿ. ಸೇರಲು ಒಂದೇ ಗುಂಡಿ, ಬಿಡಲು ಐದಾರು ಪರದೆ, ನಡುನಡುವೆ ‘ನಿಜವಾಗಿಯೂ ಹೋಗುತ್ತೀರಾ?’ ಎಂಬ ಗೋಗರೆತ. ಉಚಿತ ಪ್ರಯೋಗವೆಂದು ಕರೆದು ಆಟೋಪೇಗೆ, ಅಂದರೆ ಪ್ರತಿ ಬಾರಿ ಕೇಳದೆ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ, ಒಪ್ಪಿಗೆ ಕೇಳಿದರೆ ಅಲ್ಲೇ ನಿಲ್ಲಿ. ಉಚಿತ ಸೇವೆಗೆ ಹಣ ಕಡಿತದ ಅನುಮತಿಯನ್ನು ಕಡ್ಡಾಯ ಮಾಡುವುದನ್ನೂ ಮಾರ್ಗಸೂಚಿ ನಿಷೇಧಿಸುತ್ತದೆ. ಈಗಾಗಲೇ ಒಪ್ಪಿದ್ದರೆ, ಆ್ಯಪ್ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ. ಮೊದಲು ಆ ಸೇವೆಯಲ್ಲೇ ರದ್ದು ಮಾಡಿ, ದೃಢೀಕರಣದ ಸಂದೇಶವನ್ನು ಉಳಿಸಿಕೊಳ್ಳಿ. ಬಳಿಕ ನಿಮ್ಮ ಯುಪಿಐ ಆ್ಯಪ್‌ನ ಆಟೋಪೇ ವಿಭಾಗದಲ್ಲಿ ಆ ಹೆಸರಿನ ಅನುಮತಿಯನ್ನೂ ತೆಗೆದುಹಾಕಿ. ಪ್ಲೇ ಸ್ಟೋರ್ ಮೂಲಕ ಕೊಂಡಿದ್ದರೆ ಅಲ್ಲಿನ ಪಾವತಿ ಮತ್ತು ಚಂದಾದಾರಿಕೆಗಳ ಪುಟದಲ್ಲಿ, ಐಫೋನ್‌ನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರಿನಡಿ ರದ್ದುಪಡಿಸಬೇಕು. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ 24 ಗಂಟೆ ಮೊದಲೇ ಬ್ಯಾಂಕ್ ನಿಮಗೆ ತಿಳಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿರುವುದರಿಂದ, ಆ ಎಸ್ಸೆಮ್ಮೆಸ್ಸನ್ನು ಜಾಹೀರಾತೆಂದು ತಳ್ಳಿಹಾಕಬೇಡಿ.

ಹಣ ಹೋಗಿಯೇಬಿಟ್ಟಿದ್ದರೆ, ಮೊದಲು ಸಂಸ್ಥೆಗೆ ಲಿಖಿತವಾಗಿ ದೂರು ನೀಡಿ ದೂರಿನ ಸಂಖ್ಯೆಯನ್ನು ಪಡೆದುಕೊಳ್ಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ದಿನಾಂಕ ಕಾಣುವ ಸ್ಕ್ರೀನ್‌ಶಾಟ್‌ಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಸಹಾಯವಾಣಿಯದು ರಾಜಿ ಮಾಡಿಸುವ ಕೆಲಸವೇ ಹೊರತು ಆದೇಶ ಹೊರಡಿಸುವ ಅಧಿಕಾರ ಅದಕ್ಕಿಲ್ಲ. ಅದರಿಂದಲೂ ಫಲ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಬಹುದು. ನೀವು ತೆತ್ತ ಮೊತ್ತ 5 ಲಕ್ಷ ರೂಪಾಯಿಯೊಳಗಿದ್ದರೆ ಅಲ್ಲಿ ದೂರಿಗೆ ಶುಲ್ಕವಿಲ್ಲ.