ಅಡಿಕೆಗೆ ಮದ್ದು ಬಿಡುವ ದಿನ: ಮರ ಏರುವವರ ಸುರಕ್ಷತೆಗೆ ತೋಟದ ಯಜಮಾನರು ಮಾಡಬೇಕಾದ್ದು

ಮಳೆ ಹಿಡಿಯುವ ಮುನ್ನ ಒಮ್ಮೆ, ಆಮೇಲೆ 40ರಿಂದ 45 ದಿನಗಳಿಗೆ ಇನ್ನೊಮ್ಮೆ ಸಿಂಪಡಿಸಬೇಕೆಂಬ ಬೋರ್ಡೋ ಮದ್ದಿನ (ಮೈಲುತುತ್ತ, ಸುಣ್ಣ ಕಲಸಿದ ಶಿಲೀಂಧ್ರನಾಶಕ) ಲೆಕ್ಕ ಬಂಟ್ವಾಳ, ಮೂಡುಬಿದಿರೆ, ಕಾರ್ಕಳ ಕಡೆಯ ತೋಟದವರಿಗೆಲ್ಲ ಬಾಯಿಪಾಠ. ಆದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗ ಬಾರದಂತೆ ಇಷ್ಟು ಮುಂಜಾಗ್ರತೆ ವಹಿಸುವ ನಾವು, ಆ ಮದ್ದು ಬಿಡಲು ಮರ ಏರುವವರ ಕುರಿತು ಅಷ್ಟೇ ಮುಂಜಾಗ್ರತೆ ವಹಿಸುವುದು ಕಡಿಮೆ. ಅವರಿಗೆ ಎದುರಾಗುವ ಅಪಾಯಗಳಲ್ಲಿ ಹೆಚ್ಚಿನವನ್ನು ಅವರು ಬುಡಕ್ಕೆ ಕಾಲಿಡುವ ಮೊದಲೇ ನಿವಾರಿಸಬಹುದು, ಮತ್ತು ಆ ಕೆಲಸ ಯಜಮಾನರದ್ದು.

ಹಿಂದಿನ ದಿನ

ತೋಟಕ್ಕೆ ಒಂದು ಸುತ್ತು ಬಂದು, ಸಿಡಿಲಿಗೆ ಸುಟ್ಟ, ಬುಡ ಕೊಳೆತ, ಕಾಂಡ ಟೊಳ್ಳಾದ ಮರಗಳಿಗೆ ಸುಣ್ಣದ ಗುರುತು ಹಾಕಿ, ಅವುಗಳನ್ನು ಏರಬಾರದೆಂದು ಸ್ಪಷ್ಟವಾಗಿ ಹೇಳಬೇಕು. ತೋಟದ ಮೇಲೆ ಅಥವಾ ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ವಿದ್ಯುತ್ ಪೂರೈಸುವ ಮೆಸ್ಕಾಂನ ಶಾಖಾ ಕಚೇರಿಗೆ ಮೊದಲೇ ತಿಳಿಸಿ, ಕೆಲಸದ ಹೊತ್ತಿಗೆ ವಿದ್ಯುತ್ ನಿಲ್ಲಿಸುವಂತೆ ಕೋರಬೇಕು.

ನೆಲದಲ್ಲೇ ನಿಂತು ದೋಟಿಯಿಂದ (ಉದ್ದನೆಯ ಕೋಲಿನಿಂದ) ಮದ್ದು ಬಿಡುವವರು ಈ ಮಾತನ್ನು ಇನ್ನಷ್ಟು ಗಮನಿಸಬೇಕು. ಅಲ್ಯೂಮಿನಿಯಂ ದೋಟಿ ತಂತಿಗೆ ತಾಗಿದರೆ ಜೀವ ಹೋಗುತ್ತದೆಂಬುದು ಎಲ್ಲರಿಗೂ ಗೊತ್ತು. ಆದರೆ ಈಚೆಗೆ ಬಳಕೆಗೆ ಬಂದ ಕಾರ್ಬನ್ ಫೈಬರ್ ದೋಟಿಯಲ್ಲೂ ವಿದ್ಯುತ್ ಹರಿಯುತ್ತದೆ. ‘ಫೈಬರ್’ ಎಂಬ ಹೆಸರು ಕೇಳಿ ಅದನ್ನು ಪ್ಲಾಸ್ಟಿಕ್ಕಿನಂತೆ ನಿರುಪದ್ರವಿ ಎಂದು ಭಾವಿಸುವುದು ಅತ್ಯಂತ ಅಪಾಯಕಾರಿ. ದೋಟಿಯನ್ನು ಹೆಗಲ ಮೇಲೆ ಹೊತ್ತು ಸಾಗಿಸುವಾಗಲೂ ಅದನ್ನು ಮಡಚಿ, ಅಡ್ಡಲಾಗಿ ಹಿಡಿಯಬೇಕು.

ಮದ್ದು ಕಲಸುವಾಗ

ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಸುಟ್ಟ ಸುಣ್ಣದ ಮೇಲೆ ಒಮ್ಮೆಲೇ ನೀರು ಸುರಿದರೆ ಅದು ಕೊತಕೊತ ಕುದಿದು ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಆದ್ದರಿಂದ ಕನ್ನಡಕ, ರಬ್ಬರ್ ಕೈಗವಸು ಧರಿಸಿ, ಮುಖ ದೂರವಿಟ್ಟು, ನೀರನ್ನು ಸ್ವಲ್ಪಸ್ವಲ್ಪವೇ ಚಿಮುಕಿಸಿ ಸುಣ್ಣವನ್ನು ಅರಳಿಸಬೇಕು. ಅದು ಪೂರ್ತಿ ತಣಿದ ಮೇಲೆ ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸುರಿಯಬೇಕು.

ಕಲಸಿದ ಮದ್ದಿನಲ್ಲಿ ಕತ್ತಿಯ ಅಲಗು ಅದ್ದಿ, ಅದಕ್ಕೆ ತಾಮ್ರದ ಕೆಂಪು ಹಿಡಿದರೆ ಇನ್ನಷ್ಟು ಸುಣ್ಣ ಸೇರಿಸುವ ಕ್ರಮವನ್ನು ನಾವು ಹಿಂಗಾರ (ಅಡಿಕೆಯ ಹೂಗೊಂಚಲು), ಎಳೆಕಾಯಿ ಸುಡದಿರಲೆಂದು ಪಾಲಿಸುತ್ತೇವೆ. ಸುಣ್ಣ ಸಾಲದೆ ಉಳಿದು ಎಳೆಕಾಯಿಯನ್ನು ಸುಡುವ ಆ ಮಿಗತೆ ಮೈಲುತುತ್ತವೇ ಮೇಲಿಂದ ತೊಟ್ಟಿಕ್ಕಿ ಕೆಲಸಗಾರರ ಕಣ್ಣು, ಚರ್ಮಗಳನ್ನೂ ಸುಡುತ್ತದೆ.

ಮೂಗು ಬಾಯಿಗೆ ಬೈರಾಸು (ಟವೆಲು) ಸುತ್ತಿಕೊಂಡರೆ ಸಾಲದು, ಸೂಕ್ಷ್ಮ ಹನಿಗಳನ್ನು ತಡೆಯುವ ಮುಖಗವಸನ್ನು ಯಜಮಾನರೇ ಕೊಡಬೇಕು. ಪೋರ್ಚುಗಲ್‌ನಲ್ಲಿ ದ್ರಾಕ್ಷಿಗೆ ವರ್ಷಗಟ್ಟಲೆ ಇದೇ ಬೋರ್ಡೋ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಸೇರಿ ಗಾಯಗಳಾಗಿದ್ದನ್ನು ವೈದ್ಯರು 1969ರಲ್ಲೇ ವರದಿ ಮಾಡಿದ್ದರು. ‘ಬೋರ್ಡೋ ಏನೂ ಮಾಡುವುದಿಲ್ಲ’ ಎಂಬ ನಮ್ಮ ಸಲುಗೆಗೆ ಆಧಾರವಿಲ್ಲ.

ಮರ ಏರುವಾಗ

ಸೊಂಟದ ಬೆಲ್ಟು, ಹೆಲ್ಮೆಟ್ಟು ಕಡ್ಡಾಯ. ಬೆಲ್ಟಿನ ಹಗ್ಗವನ್ನು ಪ್ರತಿದಿನ ಎಳೆದು ನೋಡಬೇಕು. ಮಳೆ ಬಂದು ಕಾಂಡ ಜಾರುವಂತಾದರೆ ಕೆಲಸ ನಿಲ್ಲಬೇಕು. ಬಿಟ್ಟ ಮದ್ದಿನ ಬ್ಯಾರೆಲ್ ಲೆಕ್ಕದಲ್ಲಿ ಕೂಲಿ ಮಾತನಾಡಿದ ಕಡೆ ಇದು ಆಗುವುದಿಲ್ಲ, ಏಕೆಂದರೆ ನಿಲ್ಲಿಸಿದ ಪ್ರತಿ ಗಂಟೆಯ ನಷ್ಟ ಏರುವವರ ತಲೆಗೇ ಬೀಳುತ್ತದೆ. ಮಳೆಯಿಂದ ಕೆಲಸ ನಿಂತರೂ ಕನಿಷ್ಠ ಇಷ್ಟು ಕೂಲಿ ಎಂದು ಮೊದಲೇ ಒಪ್ಪಿಕೊಳ್ಳುವುದು, ನನ್ನ ದೃಷ್ಟಿಯಲ್ಲಿ, ಬೆಲ್ಟಿನಷ್ಟೇ ಮುಖ್ಯವಾದ ರಕ್ಷಣೆ.

ಅವಘಡವಾದರೆ

ಕಣ್ಣಿಗೆ ಮದ್ದು ಬಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸುತ್ತಾ ತೊಳೆದು, ಬಳಿಕ ಆಸ್ಪತ್ರೆಗೆ ಕರೆದೊಯ್ಯಬೇಕು. ಮರದಿಂದ ಬಿದ್ದವರನ್ನು ಗಾಬರಿಯಲ್ಲಿ ಎತ್ತಿ ಕೂರಿಸುವುದು, ರಿಕ್ಷಾದಲ್ಲಿ ಮಡಚಿ ಮಲಗಿಸುವುದು ಬೇಡ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಅದರಿಂದಲೇ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಬಹುದು. 108ಕ್ಕೆ ಕರೆ ಮಾಡಿ, ಕುತ್ತಿಗೆ ಅಲುಗಾಡದಂತೆ ಹಿಡಿದು ಕಾಯಬೇಕು. ಸಾಗಿಸಲೇಬೇಕಾದರೆ ಮೈಯನ್ನು ತಿರುಚದೆ, ಅಗಲವಾದ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು.

ಕೆಲಸ ಮುಗಿದ ಮೇಲೆ

ಸೋಪು ಹಚ್ಚಿ ಸ್ನಾನ ಮಾಡಿ, ಬಟ್ಟೆ ಬದಲಿಸುವವರೆಗೆ ಊಟ, ಎಲೆ ಅಡಿಕೆ, ಬೀಡಿ ಮುಟ್ಟಬಾರದು. ಇಲಿಯ ಮೂತ್ರ ಬೆರೆತ ಕಣಿಯ (ತೋಟದ ಕಾಲುವೆಯ) ನೀರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಇಲಿಜ್ವರ ಅಂಟುತ್ತದೆ. ಪಂಪಿನ ಬಳಿ ಬರಿಗಾಲಲ್ಲಿ ನಿಲ್ಲುವವರಿಗೆ ಗಂಬೂಟು ಕೊಡಬೇಕು. ಸಾಮಾನ್ಯವಾಗಿ ಒಂದೆರಡು ವಾರಗಳೊಳಗೆ ಕಾಣಿಸಿಕೊಳ್ಳುವ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವಿಕೆಯನ್ನು ಮಳೆಯಲ್ಲಿ ನೆನೆದ ಆಯಾಸವೆಂದು ತಳ್ಳಿಹಾಕದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು, ಮತ್ತು ಅಡಿಕೆ ತೋಟದಲ್ಲಿ ಕೆಲಸ ಮಾಡಿದ್ದನ್ನು ವೈದ್ಯರು ಕೇಳದಿದ್ದರೂ ಹೇಳಬೇಕು.