ಬಚ್ಚಲಿನ ಇರುವೆಗೆ ಕೇರಂ ಪೌಡರು

ಹೋದ ಮಳೆಗಾಲದಲ್ಲಿ ನಮ್ಮ ಶಿವಮೊಗ್ಗದ ಮನೆಯ ಬಚ್ಚಲಲ್ಲಿ ಇರುವೆ ಸಾಲು ಕಂಡಾಗ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಸ್ಪ್ರೇ ಹೊಡೆದೆ. ಅರ್ಧ ಗಂಟೆಯಲ್ಲಿ ನೆಲ ಚೊಕ್ಕ. ಮೂರನೇ ದಿನ ಬೇಸಿನ್ ಹಿಂದಿನ ಸಾಲಿನ ಜೊತೆಗೆ ಗೀಸರ್ ಪೈಪಿನ ಬುಡದಲ್ಲೂ ಇನ್ನೊಂದು ಸಾಲು. ನಮಗೆ ಕಾಣುವವೆಲ್ಲ ಕೂಲಿಯಾಳುಗಳು. ಮೊಟ್ಟೆಯಿಡುವ ರಾಣಿ ಗೋಡೆಯೊಳಗೆ ಆರಾಮಾಗಿರುತ್ತಾಳೆ. ಕೆಲವು ಸಣ್ಣ ಜಾತಿಗಳಲ್ಲಿ ಒಂದೇ ಗೂಡಿಗೆ ಹಲವು ರಾಣಿಯರು. ವಿಷ ಹೊಡೆದು ಬೆದರಿಸಿದರೆ ಗೂಡು ಒಡೆದು ಎರಡೋ ಮೂರೋ ಆಗುತ್ತದೆ.

ಅಮ್ಮನದು ಬೇರೆ ತಕರಾರು. "ಇರುವೆ ಅಂದ್ರೆ ಲಕ್ಷ್ಮಿ ಕಣೋ, ಸಾಯಿಸ್ಬೇಡ." ಲಕ್ಷ್ಮಿ ಅನ್ನೋದು ಕಪ್ಪಿರುವೆಗೆ, ಇವು ಎಳ್ಳಿಗಿಂತ ಸಣ್ಣ, ಜೇನುಬಣ್ಣದವು ಎಂದು ಅಂಗೈ ಮೇಲೆ ಬಿಟ್ಟು ತೋರಿಸಿದ ಮೇಲೆ ಸುಮ್ಮನಾದಳು.

ಆಮೇಲೆ ಒಂದು ರಾತ್ರಿ ಹತ್ತರ ಮೇಲೆ ಟಾರ್ಚ್ ಹಿಡಿದು ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತೆ. ನೀವೂ ಇಲ್ಲಿಂದಲೇ ಶುರು ಮಾಡಿ. ಸಾಲು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ನೋಡಿ. ನಮ್ಮಲ್ಲಿ ಅವು ಹೊರಡುತ್ತಿದ್ದದ್ದು ಎರಡು ಟೈಲ್ಸ್ ನಡುವಿನ ಕೂದಲೆಳೆಯಷ್ಟು ಬಿರುಕಿನಿಂದ. ಹೋಗುತ್ತಿದ್ದದ್ದು ಕೊಬ್ಬರಿ ಎಣ್ಣೆ ಬಾಟಲಿಗೆ, ಕಡಲೆಹಿಟ್ಟಿನ ಡಬ್ಬಿಗೆ. ನಡುವೆ ತೊಟ್ಟಿಕ್ಕುವ ನಲ್ಲಿಯ ಕೆಳಗೆ ನೀರಿಗೂ ನಿಲ್ಲುತ್ತಿದ್ದವು.

ಅವಕ್ಕೆ ಸಿಹಿ ಬೇಕೋ ಜಿಡ್ಡು ಬೇಕೋ ತಿಳಿಯಲು ಒಂದು ಚೀಟಿಯ ಮೇಲೆ ಬೆಲ್ಲದ ನೀರು ಒಂದು ಹನಿ, ಎಣ್ಣೆ ಒಂದು ಹನಿ ಹಾಕಿ ಸಾಲಿನ ಪಕ್ಕ ಇಟ್ಟೆ. ಎಣ್ಣೆಗೇ ಮುತ್ತುತ್ತವೆ ಅಂದುಕೊಂಡಿದ್ದೆ. ಹತ್ತು ನಿಮಿಷದಲ್ಲಿ ಬೆಲ್ಲದ ಹನಿ ಕಾಣದ ಹಾಗೆ ಮುತ್ತಿಬಿಟ್ಟವು.

ಮದ್ದು ಬೋರಿಕ್ ಪೌಡರು. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ; ನಾನು ಮಗನ ಕೇರಂ ಪೌಡರಿಗೇ ಕೈ ಹಾಕಿದೆ. ಡಬ್ಬಿಯ ಮೇಲೆ ಬೋರಿಕ್ ಎಂದಿದ್ದರೆ ಮಾತ್ರ ಬಳಸಿ, ಎಲ್ಲ ಕೇರಂ ಪೌಡರೂ ಅದಲ್ಲ. ಒಂದು ಲೋಟ ಬೆಚ್ಚಗಿನ ನೀರಿಗೆ ಎಂಟು ಟೀ ಚಮಚ ಸಕ್ಕರೆ, ಬರೀ ಅರ್ಧ ಟೀ ಚಮಚ ಬೋರಿಕ್. ಜಾಸ್ತಿ ಹಾಕಿದರೆ ಬೇಗ ಸಾಯುತ್ತವೆ ಅಂತ ಕೈ ಧಾರಾಳ ಮಾಡಬೇಡಿ. ತಿಂದ ಇರುವೆ ದಾರಿಯಲ್ಲೇ ಸತ್ತರೆ ಏನು ಲಾಭ? ಅದು ಗೂಡಿಗೆ ಹೋಗಿ ಬಾಯಿಂದ ಬಾಯಿಗೆ ಹಂಚಬೇಕು, ರಾಣಿಯವರೆಗೂ.

ಹತ್ತಿ ಅದ್ದಿ ಬಾಟಲಿ ಮುಚ್ಚಳದಲ್ಲಿಟ್ಟು ಸಾಲಿನ ಬದಿಗಿಡಿ. ಮನೆಯಲ್ಲಿ ಪುಟ್ಟ ಮಕ್ಕಳೋ ಬೆಕ್ಕು ನಾಯಿಯೋ ಇದ್ದರೆ ಬರೀ ಮುಚ್ಚಳದಲ್ಲಿ ಇಡಲೇಬೇಡಿ. ಇದು ಹೊಟ್ಟೆಗೆ ಹೋದರೆ ವಿಷ. ಸಣ್ಣ ತೂತು ಮಾಡಿದ ಡಬ್ಬಿಯೊಳಗಿಟ್ಟು ಬಿಗಿಯಾಗಿ ಮುಚ್ಚಿ, ಕೈಗೆಟುಕದ ಕಡೆ ಇಡಿ.

ಮೊದಲ ದಿನ ಇರುವೆ ಎರಡರಷ್ಟಾಗುತ್ತವೆ. ನನ್ನ ಹೆಂಡತಿ ಚಂಬು ನೀರು ಸುರಿಯಲು ಹೊರಟಿದ್ದಳು, ಕೈ ಹಿಡಿದು ತಡೆದೆ. ಸಾಲು ಒರೆಸಬಾರದು, ಫಿನಾಯಿಲ್ ಹಾಕಬಾರದು. ಅವು ವಾಸನೆಯ ಜಾಡು ಹಿಡಿದೇ ನಡೆಯುವುದು. ಹತ್ತಿ ಒಣಗಿದಾಗ ಬದಲಿಸುತ್ತಾ ಇದ್ದೆ. ನಾಲ್ಕನೇ ದಿನ ಸಾಲು ತೆಳುವಾಯಿತು, ಹತ್ತನೇ ದಿನ ಹುಡುಕಿದರೂ ಒಂದಿಲ್ಲ.

ಆಗ ಸೋಪಿನ ನೀರಲ್ಲಿ ಗೋಡೆ ಉಜ್ಜಿ ಜಾಡು ತೊಳೆದೆ, ಬಿರುಕಿಗೆ ಬಿಳಿ ಸಿಮೆಂಟು ತುಂಬಿದೆ. ಮೊದಲೇ ತುಂಬಿದ್ದರೆ ಇನ್ನೊಂದು ಕಡೆಯಿಂದ ಬರುತ್ತಿದ್ದವು. ನಲ್ಲಿಗೆ ಟೆಫ್ಲಾನ್ ಟೇಪು ಸುತ್ತಿಸಿದೆ. ಕಡಲೆಹಿಟ್ಟು ಅಡುಗೆಮನೆಗೆ ಹೋಯಿತು. ಎಣ್ಣೆ ಬಾಟಲಿಯನ್ನು ಅಮ್ಮ ಹಿಂದೆ ಸಕ್ಕರೆ ಡಬ್ಬಿ ಇಡುತ್ತಿದ್ದ ಹಾಗೆ ತಟ್ಟೆ ನೀರಿನ ನಡುವೆ ಇಟ್ಟಿದ್ದಾಳೆ.