ಹೊರದೇಶದ ಸರ್ಕಾರದ ಮೇಲೆ ದಾವೆಯೇ? ಮೊದಲು ತಾರೀಖು ಬರೆದಿಡಿ

ಪೀಣ್ಯದ ಉದ್ಯಮಿಯೊಬ್ಬರು ಹೊರದೇಶದಲ್ಲಿ ಘಟಕ ಹಾಕಿದ್ದರು. ಅಲ್ಲಿನ ಸರ್ಕಾರ ಪರವಾನಗಿ ರದ್ದು ಮಾಡಿತು. ಅವರು ತಂದ ದಪ್ಪ ಕಡತದಲ್ಲಿ ಎಲ್ಲವೂ ಇತ್ತು; ರದ್ದತಿ ಪತ್ರ ಕೈಸೇರಿದ ದಿನವೊಂದೇ ಇರಲಿಲ್ಲ. ಲಕೋಟೆಯನ್ನು ಎಸೆದುಬಿಟ್ಟಿದ್ದರು. ಇಂಥ ಕಡತಗಳನ್ನು ನೋಡಿ ನೋಡಿ ಹೊಟ್ಟೆ ಉರಿದು ಇದನ್ನು ಬರೆಯುತ್ತಿದ್ದೇನೆ.

ಮೊದಲು, ಆ ದೇಶಕ್ಕೂ ಭಾರತಕ್ಕೂ ಹೂಡಿಕೆ ಒಪ್ಪಂದ (ಪರಸ್ಪರ ಹೂಡಿಕೆದಾರರನ್ನು ಕಾಪಾಡುವ ಒಪ್ಪಂದ) ಇದೆಯೇ, ಜಾರಿಯಲ್ಲಿದೆಯೇ ನೋಡಿ. ಹಳೆಯ ಒಪ್ಪಂದಗಳಲ್ಲಿ ಬಹುಪಾಲನ್ನು ಭಾರತ 2016–17ರ ಸುಮಾರಿಗೆ ಕೈಬಿಟ್ಟಿತು. ಆದರೂ ಮುಂಚೆ ಹೂಡಿದ ಹಣಕ್ಕೆ ಅವು 10–15 ವರ್ಷ ರಕ್ಷಣೆ ಕೊಡುವುದುಂಟು. ಕೊನೆಯ ವಿಧಿಯವರೆಗೂ ಓದಿ.

ಎರಡನೆಯದಾಗಿ, ಕರಾರು ಬೇರೆ, ದೇಶಗಳ ನಡುವಿನ ಒಪ್ಪಂದ ಬೇರೆ. ನಮ್ಮ ಬೆಂಗಳೂರಿನದೇ ಆದ ದೇವಾಸ್–ಆಂಟ್ರಿಕ್ಸ್ ಪ್ರಕರಣ ನೋಡಿ. ಇಸ್ರೋದ ವಾಣಿಜ್ಯ ಕಂಪನಿ ಆಂಟ್ರಿಕ್ಸ್ ಜೊತೆಗಿನ 2005ರ ಕರಾರು 2011ರಲ್ಲಿ ರದ್ದಾದಾಗ ದೇವಾಸ್ ಕಂಪನಿ ಕರಾರಿನ ಮೇಲೆ ಮಧ್ಯಸ್ಥಿಕೆಗೆ, ಅಂದರೆ ನ್ಯಾಯಾಲಯದ ಹೊರಗೆ ತೀರ್ಪು ಕೊಡುವ ಮಂಡಳಿಯ ಮುಂದೆ, ಹೋಯಿತು. ಅದರಲ್ಲಿ ಹಣ ಹೂಡಿದ್ದ ಮಾರಿಷಸ್, ಜರ್ಮನಿಯ ಕಂಪನಿಗಳು ತಮ್ಮ ತಮ್ಮ ದೇಶದ ಒಪ್ಪಂದ ಹಿಡಿದು ಭಾರತ ಸರ್ಕಾರದ ಮೇಲೆಯೇ ಹೋದವು.

ಜನ ಎಡವುವುದು ಮೂರನೆಯ ಹಂತದಲ್ಲಿ, ಅಂದರೆ ಗಡುವಿನಲ್ಲಿ. ಭಾರತದ 2015ರ ಮಾದರಿ ಒಪ್ಪಂದದ (ಹೊಸ ಒಪ್ಪಂದಗಳ ಮಾತುಕತೆಗೆ ಸರ್ಕಾರ ಇಟ್ಟುಕೊಂಡ ಕರಡು) ಪ್ರಕಾರ, ತೊಂದರೆ ‘ಗೊತ್ತಾದ, ಇಲ್ಲವೇ ಗೊತ್ತಾಗಬೇಕಿದ್ದ’ ದಿನದಿಂದ 1 ವರ್ಷದೊಳಗೆ ಆ ದೇಶದ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಅಲ್ಲಿ ಕನಿಷ್ಠ 5 ವರ್ಷ ಹೋರಾಡಬೇಕು. ಆಮೇಲೆ ವಿವಾದದ ನೋಟಿಸ್, 6 ತಿಂಗಳ ಮಾತುಕತೆ. ಮಧ್ಯಸ್ಥಿಕೆಗೆ ಹೋಗುವ 90 ದಿನ ಮುಂಚೆ ಇನ್ನೊಂದು ನೋಟಿಸ್. ಯುಎಇ ಜೊತೆಗಿನ ಒಪ್ಪಂದ 2024ರ ಆಗಸ್ಟ್ 31ರಂದು ಜಾರಿಗೆ ಬಂತು; ಅದರಲ್ಲಿ 5 ವರ್ಷ 3ಕ್ಕೆ ಇಳಿದಿದೆ. ‘ಗೊತ್ತಾಗಬೇಕಿದ್ದ’ ಎಂಬ ಮಾತನ್ನು ಎರಡು ಸಲ ಓದಿ. ಪತ್ರ ನಿಮ್ಮ ಕೈಗೆ ಬರುವ ಮುಂಚೆಯೇ ಆದೇಶ ಅಲ್ಲಿನ ಗೆಜೆಟ್‌ನಲ್ಲಿ ಬಂದಿದ್ದರೆ ಎದುರು ಪಕ್ಷದವರು ಎಣಿಸುವುದು ಆ ದಿನದಿಂದ. ಅನುಮಾನ ಬಂದರೆ ಹಿಂದಿನ ತಾರೀಖನ್ನೇ ಹಿಡಿಯಿರಿ. ಲಕೋಟೆ, ಅಂಚೆ ಮುದ್ರೆ, ಕೊರಿಯರ್ ರಸೀದಿ ಎಲ್ಲವನ್ನೂ ಒಂದು ಪುಸ್ತಕಕ್ಕೆ ಅಂಟಿಸಿ, ಪಕ್ಕದಲ್ಲಿ ಕೈಯಾರೆ ತಾರೀಖು ಬರೆದು ಸಹಿ ಹಾಕಿ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ನೋಟಿಸ್ ನಮೂನೆಗಳನ್ನು ಮುಟ್ಟಲೇಬೇಡಿ. ಒಪ್ಪಂದದ ಯಾವ ವಿಧಿ ಮುರಿದಿದೆ ಎಂಬ ಜಾಗವೇ ಅವುಗಳಲ್ಲಿ ಖಾಲಿ.

ಜಗಳ ಶುರುವಾದ ಮೇಲೆ, ಬೇರೆ ದೇಶದ ಒಪ್ಪಂದದ ಲಾಭ ಪಡೆಯಲು ಅಲ್ಲಿನ ಕಂಪನಿಗೆ ಷೇರು ವರ್ಗಾಯಿಸುವ ಅಡ್ಡದಾರಿಯನ್ನೂ ಕೆಲವರು ಹೇಳಿಕೊಡುತ್ತಾರೆ. ಸಿಗರೇಟು ಕಂಪನಿ ಫಿಲಿಪ್ ಮಾರಿಸ್ ಹೀಗೆ ಹಾಂಗ್‌ಕಾಂಗ್ ಕಂಪನಿಯ ಹೆಸರಿನಲ್ಲಿ ಆಸ್ಟ್ರೇಲಿಯಾದ ಮೇಲೆ ಹೋದಾಗ, ಇದು ಹಕ್ಕಿನ ದುರುಪಯೋಗ ಎಂದು ನ್ಯಾಯಮಂಡಳಿ 2015ರಲ್ಲಿ ಬಾಗಿಲಲ್ಲೇ ತಡೆಯಿತು.

ವಿಶ್ವಬ್ಯಾಂಕಿನ ಹೂಡಿಕೆ ವಿವಾದ ಕೇಂದ್ರದ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ. ನಮ್ಮ ಪ್ರಕರಣಗಳು ಸಾಮಾನ್ಯವಾಗಿ ವಿಶ್ವಸಂಸ್ಥೆಯ ಮಧ್ಯಸ್ಥಿಕೆ ನಿಯಮಗಳಡಿ ನಡೆಯುತ್ತವೆ. ಗೆದ್ದರೆ ವಸೂಲಿಗೆ 1958ರ ನ್ಯೂಯಾರ್ಕ್ ಒಡಂಬಡಿಕೆ, ಅಂದರೆ ಮಧ್ಯಸ್ಥಿಕೆ ತೀರ್ಪನ್ನು ಬೇರೆ ದೇಶಗಳ ನ್ಯಾಯಾಲಯಗಳಲ್ಲಿ ಜಾರಿ ಮಾಡಿಸುವ ಒಪ್ಪಂದ, ಇದೆ.